ಕೆಂಪು ಎಳೆ, ಕರಿ ಎಳೆ

ಮಕ್ಕಳೇ, ನನ್ನ ವಾರಿಗೆಯ ಅಜ್ಜ-ಅಜ್ಜಿಯರೇ,

ಈ ವಾರ ಒಂದು ತಪ್ಪಿನ ಕಥೆ ಹೇಳುತ್ತೇನೆ. ತಪ್ಪು ಮಾಡಿದವನು ನಾನು, ಬೈಸಿಕೊಂಡವನು ನನ್ನ ಮೊಮ್ಮಗ, ತಪ್ಪನ್ನು ಹಿಡಿದವಳು ನನ್ನ ಹೆಂಡತಿ. ನಡುವೆ ಒಂದು ಪುಟ್ಟ ರೈಲು, ಒಂದಿಷ್ಟು ಕೆಂಪು-ಕರಿ ತಂತಿ.

ಮೊಮ್ಮಗನ ಊರು ಲಕ್ಷ್ಮೇಶ್ವರ. ಏಳನೆಯ ಇಯತ್ತೆ. ದಸರೆ ಸೂಟಿ ಬಂತೆಂದರೆ ತಂಗಿಯ ಕೈ ಹಿಡಿದುಕೊಂಡು ಬೆಟಗೇರಿಗೆ ಬಂದುಬಿಡುತ್ತಾನೆ. ರಾತ್ರಿ ಓಣಿಯ ಸದ್ದಡಗಿದ ಮೇಲೆ ಗದಗ ಸ್ಟೇಷನ್ನಿನ ರೈಲಿನ ಕೂಗು ನಮ್ಮ ಮನೆಗೆ ಕೇಳಿಸುತ್ತದೆ. ಒಂದು ರಾತ್ರಿ ಅದನ್ನು ಕೇಳುತ್ತ ಮಲಗಿದ್ದವನು ಎದ್ದು ಕೂತ.

“ಅಜ್ಜಾ, ನಮ್ಮೂರಿಗ್ಯಾಕ ರೈಲಿಲ್ಲ?”

ಗದಗಿಗೆ ರೈಲು ಬಂದದ್ದು 1880ರ ದಶಕದಲ್ಲಿ. ಆಗ ಸದರ್ನ್ ಮರಾಠಾ ರೈಲ್ವೆ ಎಂಬ ಕಂಪನಿ ಇತ್ತು. ನಮ್ಮ ಕಡೆಯ ಹತ್ತಿ ಅದರ ಗಾಡಿ ಹತ್ತಿ ದೂರದ ಊರಿಗೆ ಹೋಗುತ್ತಿತ್ತು. ನಾನು ಹುಡುಗನಾಗಿದ್ದಾಗಲೂ ಇಲ್ಲಿ ಓಡುತ್ತಿದ್ದದ್ದು ಒಂದು ಮೀಟರ್ ಅಗಲದ ಹಳಿಯ ಮೇಲೆ, ಹೊಗೆ ಬಿಡುವ ಗಾಡಿ. ಇವತ್ತು ಗದಗಿನಲ್ಲಿ ನಿಂತರೆ ಪಶ್ಚಿಮಕ್ಕೆ ಹುಬ್ಬಳ್ಳಿ ಹಾದಿ, ಪೂರ್ವಕ್ಕೆ ಕೊಪ್ಪಳ-ಹೊಸಪೇಟೆ ಹಾದಿ, ಉತ್ತರಕ್ಕೆ ಬಾದಾಮಿ-ವಿಜಯಪುರದ ಹಾದಿ. ದಕ್ಷಿಣಕ್ಕೆ ಮಾತ್ರ ಹಾದಿಯಿಲ್ಲ. ಶಿರಹಟ್ಟಿಯಾಗಲಿ, ಲಕ್ಷ್ಮೇಶ್ವರವಾಗಲಿ, ಮುಂಡರಗಿಯಾಗಲಿ, ಬಸ್ಸೇ ಗತಿ. ಗದಗದಿಂದ ಲಕ್ಷ್ಮೇಶ್ವರದ ಮೇಲೆ ಹಾಯ್ದು ಯಲವಿಗಿಗೆ ಒಂದು ಹಾದಿ ಆಗಬೇಕೆಂಬ ಬೇಡಿಕೆ ಹಳೆಯದು. ಇಷ್ಟೆಲ್ಲ ಹೇಳಿದೆ.

“ಅದು ಬರೂತನಕ ನಾವ ಒಂದು ಹಾಕೂಣು ಅಜ್ಜಾ” ಎಂದ.

ಹೇಗೆಂದರೆ, ಬೆಂಗಳೂರಿನಲ್ಲಿರುವ ಅವನ ಸೋದರಮಾವ, ಅಂದರೆ ನನ್ನ ಮಗ, ಆ ವರ್ಷ ಅವನಿಗೊಂದು ಮಾದರಿ ರೈಲು ತಂದುಕೊಟ್ಟಿದ್ದ. ಒಂದು ಎಂಜಿನ್, ಎರಡು ಬೋಗಿ, ತುಂಡು ತುಂಡು ಹಳಿ, ಹಾದಿ ಬದಲಿಸುವ ಮೂರು ಪಾಯಿಂಟು. ಇದಕ್ಕೆ ಎಚ್‌ಓ ಅಳತೆ ಎನ್ನುತ್ತಾರೆ. ನಿಜದ ರೈಲಿನ 87ನೆಯ ಒಂದು ಪಾಲು. ಎರಡು ಹಳಿಗಳ ನಡುವೆ 16.5 ಮಿಲಿಮೀಟರ್. ಮೊಮ್ಮಗ ಕೂಡಲೇ ಲೆಕ್ಕಕ್ಕೆ ಕೂತ. ನಮ್ಮ ಬ್ರಾಡ್ ಗೇಜ್ ಹಳಿಯ ಅಗಲ 1676 ಮಿಲಿಮೀಟರ್. 87ರಿಂದ ಭಾಗಿಸಿದರೆ 19 ದಾಟುತ್ತದೆ. “ಅಜ್ಜಾ, ಇದು ನಮ್ಮ ದೇಶದ ಹಳಿ ಅಲ್ಲ!” ಹೌದು, ಅದು ಪರದೇಶದ 1435 ಮಿಲಿಮೀಟರ್ ಹಳಿಯ ಮಾದರಿ. ಹುಬ್ಬಳ್ಳಿಯ 1507 ಮೀಟರ್ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು ಎಂದು ನೀವು ಓದಿದ್ದೀರಲ್ಲ, ಅದನ್ನು ಈ ಅಳತೆಯಲ್ಲಿ ಮಾಡಹೊರಟರೂ 17 ಮೀಟರ್ ಬೇಕು. ಗದಗದಿಂದ ಲಕ್ಷ್ಮೇಶ್ವರ ಸುಮಾರು 40 ಕಿಲೋಮೀಟರ್. ಅಳತೆಗೆ ಸರಿಯಾಗಿ ಹಳಿ ಹಾಕಿದರೆ 460 ಮೀಟರ್ ಆಗುತ್ತದೆ. ಪಡಸಾಲೆ ಬಿಟ್ಟು, ಓಣಿ ದಾಟಿ ಹೋಗಬೇಕು!

ಆದ್ದರಿಂದ ದೂರವನ್ನು ಕುಗ್ಗಿಸಿದೆವು. 8 ಅಡಿ ಉದ್ದ, 4 ಅಡಿ ಅಗಲದ ಪ್ಲೈವುಡ್ ಹಲಗೆಗೆ ಇನ್ನೊಂದು 2 ಅಡಿಯ ತುಂಡು ಸೇರಿಸಿ 10 ಅಡಿ ಮಾಡಿ, ಎರಡು ಬೆಂಚಿನ ಮೇಲೆ ಇಟ್ಟೆವು. ಒಂದು ತುದಿಗೆ ಗದಗ, ಇನ್ನೊಂದು ತುದಿಗೆ ಲಕ್ಷ್ಮೇಶ್ವರ, ನಡುವೆ ಶಿರಹಟ್ಟಿ. ಚಿಕ್ಕವಳು ನೀಲಿ ಕಾಗದ ಕತ್ತರಿಸಿ ಮಾಗಡಿ ಕೆರೆ ಮಾಡಿದಳು. ಚಳಿಗಾಲಕ್ಕೆ ಅಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಕಡಲೆಕಾಯಿ ಸಿಪ್ಪೆಯಲ್ಲಿ ಮಾಡಿ ತೇಲಿಬಿಟ್ಟಳು.

ಹಾದಿಯ ನಕ್ಷೆ ಬರೆದವನು ನಾನು. ಲಕ್ಷ್ಮೇಶ್ವರಕ್ಕೆ ಹೋದ ರೈಲು ಎಂಜಿನ್ ಮುಂದೆ ಮಾಡಿಕೊಂಡೇ ಗದಗಿಗೆ ತಿರುಗಿ ಬರಬೇಕು ಎಂಬುದು ಮೊಮ್ಮಗನ ಹಟ. ಹಿಂದುಹಿಂದಕ್ಕೆ ನಡೆಯಬಾರದು. ಅದಕ್ಕೆ ನಾನು ಸೌಟಿನ ಆಕಾರ ಬರೆದೆ. ಸೌಟಿನ ಹಿಡಿ ಗದಗ ಮತ್ತು ಶಿರಹಟ್ಟಿ. ಸೌಟಿನ ದುಂಡು ಲಕ್ಷ್ಮೇಶ್ವರ, ಅದು 3 ಅಡಿ ಅಗಲದ ಸುತ್ತು. ಹಿಡಿಯ ಮೇಲೆ ಹೋದ ರೈಲು ದುಂಡನ್ನು ಸುತ್ತಿ, ಅದೇ ಹಿಡಿಯ ಮೇಲೆ ವಾಪಸು ಬರುತ್ತದೆ. ಗದಗಿನಲ್ಲಿ ಪಕ್ಕದಲ್ಲೊಂದು ಹಳಿ ಹಾಕಿ ಎರಡೂ ಕಡೆ ಪಾಯಿಂಟಿನಿಂದ ಕೂಡಿಸಿದರೆ, ಎಂಜಿನ್ ಬಿಚ್ಚಿಕೊಂಡು ಬೋಗಿಗಳ ಇನ್ನೊಂದು ತುದಿಗೆ ಹೋಗಬಹುದು. ಮೂರನೆಯ ಪಾಯಿಂಟು ಸೌಟಿನ ಕುತ್ತಿಗೆಗೆ. ನಕ್ಷೆ ಚೆಂದ ಕಂಡಿತು. ತಂತಿಯ ನಕ್ಷೆ ಬರೆಯಲಿಲ್ಲ. ಎರಡೇ ತಂತಿ, ಅದಕ್ಕೇನು ನಕ್ಷೆ ಎಂದುಕೊಂಡೆ.

ಇಲ್ಲಿ ಆ ಎಂಜಿನ್ ಹೇಗೆ ಓಡುತ್ತದೆ ಎಂದು ಹೇಳಬೇಕು. ಅದರ ಹೊಟ್ಟೆಯಲ್ಲಿ 12 ವೋಲ್ಟಿನ ಸಣ್ಣ ಮೋಟಾರು ಇದೆ. ಹಳಿಗಳೇ ಅದಕ್ಕೆ ತಂತಿ. ಕರೆಂಟು ಒಂದು ಹಳಿಯಿಂದ ಚಕ್ರ ಹತ್ತಿ, ಮೋಟಾರಿನೊಳಗೆ ಹಾಯ್ದು, ಆಚೆಯ ಚಕ್ರದಿಂದ ಇನ್ನೊಂದು ಹಳಿಗೆ ಇಳಿದು, ಬಂದ ಮನೆಗೆ ವಾಪಸು ಹೋಗುತ್ತದೆ. ಬಲಗಡೆಯ ಹಳಿಗೆ ಪ್ಲಸ್ ಕೊಟ್ಟರೆ ಮುಂದಕ್ಕೆ ಓಡುತ್ತದೆ, ಎಡಗಡೆಯ ಹಳಿಗೆ ಪ್ಲಸ್ ಕೊಟ್ಟರೆ ಹಿಂದಕ್ಕೆ. ಎರಡು ಹಳಿಗಳನ್ನು ನಡುವೆ ಮೋಟಾರು ಇಲ್ಲದೆ ಲೋಹದಿಂದ ಕೂಡಿಸಿದರೆ? ಕರೆಂಟಿಗೆ ತಡೆಯುವವರೇ ಇಲ್ಲ. ನುಗ್ಗಿಬಿಡುತ್ತದೆ. ಅದೇ ಶಾರ್ಟ್ ಸರ್ಕ್ಯೂಟ್.

ಹಿಡಿಯ ಭಾಗದ ಹಳಿ ಹಾಕಿ ಓಡಿಸಿದೆವು. ಗದಗದಿಂದ ಶಿರಹಟ್ಟಿಗೆ ಹೋಯಿತು, ಬಂತು. ಕರೆಂಟಿಗೆ ಗಣೇಶ ಚೌತಿಯ ಮಂಟಪದ ದೀಪದ ಸರಕ್ಕೆ ತಂದಿದ್ದ ಅಡಾಪ್ಟರನ್ನೇ ಹಾಕಿದ್ದೆ. 12 ವೋಲ್ಟು, 5 ಆಂಪಿಯರ್. ಅದಕ್ಕೊಂದು ವೇಗದ ಗುಂಡಿ. ತಂತಿ ಮಾತ್ರ ಕೂದಲಿನಷ್ಟು ಸಣ್ಣದು, ಮನೆಯಲ್ಲಿ ಬಿದ್ದಿದ್ದದ್ದು.

ಮರುದಿನ ದುಂಡಿನ ಭಾಗ. ಮೊಮ್ಮಗ ಹಲಗೆಯ ಆಚೆ ತುದಿಯಲ್ಲಿ ಎರಡು ತಂತಿ ಜೋಡಿಸಿದ. ಕೊನೆಯ ಹಳಿಯ ತುಂಡನ್ನೂ ಅವನೇ ಕೂಡಿಸಿದ. ನಾನು ಸ್ವಿಚ್ ಒತ್ತಿ ಗುಂಡಿ ತಿರುವಿದೆ. ರೈಲು ಮಿಸುಕಲಿಲ್ಲ. ಇನ್ನಷ್ಟು ತಿರುವಿದೆ. ಹಲಗೆಯ ಕೆಳಗಿನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಬಗ್ಗಿ ನೋಡಿದರೆ ಸಣ್ಣ ತಂತಿಯ ಮೇಲುಹೊದಿಕೆ ಕರಗಿ ಹಲಗೆಗೆ ಮೆತ್ತಿಕೊಂಡಿತ್ತು. ಪ್ಲಗ್ ಕಿತ್ತೆ.

ಗಾಬರಿಯಲ್ಲಿ ಬಾಯಿ ಮುಂದೆ ಹೋಯಿತು. “ತಂತಿ ಅದಲಿ-ಬದಲಿ ಮಾಡೀದಿ ನೀ! ಕೆಂಪಿನ ಜಾಗದಾಗ ಕರಿ ಹಚ್ಚಿ! ಹೇಳಿದ್ದು ಕೇಳೂದುಲ್ಲ!” ಎಂದೆ.

“ನಾ ಸರಿ ಹಚ್ಚೀನಿ ಅಜ್ಜಾ.”

“ಸರಿ ಹಚ್ಚಿದ್ರ ಸುಡತಿತ್ತೇನು?”

ಅವನು ಮತ್ತೆ ಮಾತಾಡಲಿಲ್ಲ. ಎಂಜಿನ್ ಎತ್ತಿ ಡಬ್ಬಿಯಲ್ಲಿಟ್ಟು ಅಟ್ಟ ಹತ್ತಿದ.

ವಾಸನೆಗೆ ಅಡುಗೆಮನೆಯಿಂದ ಬಂದ ನನ್ನಾಕೆ ಅಡಾಪ್ಟರು ತೆಗೆದುಕೊಂಡು ಹೋಗಿ ಕಪಾಟಿನಲ್ಲಿಟ್ಟು ಕೀಲಿ ಹಾಕಿದಳು. “ಮಕ್ಕಳು ಆಡೂ ಸಾಮಾನಿನಾಗ ಮನಿ ಸುಡೂ ವಿಚಾರ ಐತೇನ್ರಿ? ಎಲ್ಲಿಂದ ಎಲ್ಲಿಗಿ ಯಾವ ತಂತಿ ಹೋಗತೈತಿ ಅಂತ ಹಾಳ್ಯಾಗ ಬರದು ತೋರಸ್ರಿ. ನನಗ ತಿಳಿಯೂ ಹಂಗ ಇರಬೇಕು. ಆಮ್ಯಾಲ ಕೀಲಿ.”

ನಾನು ಬಿ.ಕಾಂ. ಓದಿ ಜೀವಮಾನವೆಲ್ಲ ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಬರೆಯದೆ ಒಂದು ರೂಪಾಯಿ ಆಚೆ ಈಚೆ ಮಾಡಿದವನಲ್ಲ. ತಂತಿಯ ವಿಷಯದಲ್ಲಿ ಮಾತ್ರ ಬರೆಯದೆ ವ್ಯವಹಾರ ಮಾಡಿದ್ದೆ. ಹೆಂಡತಿಯ ಮಾತು ಇನ್‌ಸ್ಪೆಕ್ಷನ್ನಿಗೆ ಬಂದ ಸಾಹೇಬರ ಮಾತಿನಂತೆ ತಾಗಿತು. ಹಳೆಯ ಉದ್ದನೆಯ ಖಾತೆ ಪುಸ್ತಕ ತೆಗೆದೆ.

ಮೊಮ್ಮಗನನ್ನು ಕರೆದೆ. ಬಂದ, ದೂರ ಕೂತ.

ತಂತಿಯ ಯೋಜನೆ ಹೇಗೆ ಮಾಡಬೇಕು ಎಂದು ಆ ದಿನ ಇಬ್ಬರೂ ಕಲಿತದ್ದನ್ನು ಕ್ರಮವಾಗಿ ಹೇಳುತ್ತೇನೆ. ರೈಲಿಗೆ ಮಾತ್ರವಲ್ಲ, ಶಾಲೆಯ ವಿಜ್ಞಾನ ಪ್ರದರ್ಶನಕ್ಕೂ ಇದು ನಡೆಯುತ್ತದೆ.

ಮೊದಲನೆಯದು, ಹಾದಿಯನ್ನು ಒಂದೇ ಗೆರೆಯಲ್ಲಿ ಬರೆಯಬಾರದು. ಹಳಿ ಎರಡು, ಗೆರೆಯೂ ಎರಡು. ಎಂಜಿನ್ನಿನ ಮೇಲೆ ಕೂತು ಲಕ್ಷ್ಮೇಶ್ವರದ ಕಡೆ ನೋಡಿದಾಗ ಬಲಗೈ ಹಳಿಗೆ ಕೆಂಪು ಪೆನ್ಸಿಲ್, ಎಡಗೈ ಹಳಿಗೆ ಕರಿ.

ಎರಡನೆಯದು, ಕರೆಂಟು ಹೊರಡುವುದನ್ನಷ್ಟೇ ಅಲ್ಲ, ತಿರುಗಿ ಬರುವುದನ್ನೂ ಬರೆಯಬೇಕು. ಖರ್ಚಿನ ಕಡೆ ಬರೆದದ್ದು ಜಮೆಯ ಕಡೆಯೂ ಕಾಣದಿದ್ದರೆ ಲೆಕ್ಕ ತಾಳೆಯಾಗದು. ವಾಪಸಿನ ಹಾದಿ ಇಲ್ಲದ ಕರೆಂಟು ಓಡುವುದೇ ಇಲ್ಲ.

ಮೂರನೆಯದು, ಹಳಿಯನ್ನೇ ನಂಬಬಾರದು. ಹಳಿಯ ತುಂಡುಗಳನ್ನು ಕೂಡಿಸುವ ತಗಡಿನ ಕೊಂಡಿ ಸಡಿಲಾದರೆ, ಧೂಳು ಹೊಕ್ಕರೆ, ದೂರದ ತುದಿಗೆ ಹೋಗುವಷ್ಟರಲ್ಲಿ ಕರೆಂಟು ಬಡವಾಗಿ ರೈಲು ತೆವಳುತ್ತದೆ. ಮುಂಡರಗಿ ಕಡೆಯ ಮಕ್ಕಳಿಗೆ ಇದನ್ನು ಹೇಳುವುದು ಸುಲಭ. ಸಿಂಗಟಾಲೂರು ಏತ ನೀರಾವರಿಯಲ್ಲಿ ಮೊದಲು ದೊಡ್ಡ ಕಾಲುವೆ, ಅದರಿಂದ ಹೊಲಗಳಿಗೆ ಸಣ್ಣ ಕಾಲುವೆ. ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ನೀರು ಹರಿದು ಹೋಗಲಿ ಎಂದು ಬಿಟ್ಟರೆ ಕೊನೆಯ ಹೊಲ ಒಣಗುತ್ತದೆ. ಹಾಗೆಯೇ ಹಲಗೆಯ ಕೆಳಗೆ ಉದ್ದಕ್ಕೂ ದಪ್ಪ ತಂತಿ ಎರಡು, 1.5 ಚದರ ಮಿಲಿಮೀಟರಿನದು. ಅದರಿಂದ ಮೂರು ಮೂರು ಅಡಿಗೊಮ್ಮೆ ಹಳಿಗೆ ಸಣ್ಣ ತಂತಿ, 0.5 ಚದರ ಮಿಲಿಮೀಟರಿನದು.

ನಾಲ್ಕನೆಯದು, ಪ್ರತಿ ತಂತಿಗೂ ಒಂದು ನಂಬರು. ಖಾತೆ ಪುಸ್ತಕದಲ್ಲಿ ಐದು ಕಾಲಂ ಹಾಕಿದೆವು: ನಂಬರು, ಎಲ್ಲಿಂದ, ಎಲ್ಲಿಗೆ, ಬಣ್ಣ, ಯಾತಕ್ಕೆ. ಅದೇ ನಂಬರನ್ನು ಚೀಟಿಯಲ್ಲಿ ಬರೆದು ತಂತಿಯ ಎರಡೂ ತುದಿಗೆ ಅಂಟಿಸಬೇಕು. ಆರು ತಿಂಗಳ ಮೇಲೆ ಏನಾದರೂ ಕೆಟ್ಟರೆ, ಹಲಗೆಯ ಕೆಳಗೆ ಮಲಗಿ ತಲೆ ಕೆರೆದುಕೊಳ್ಳಬೇಕಿಲ್ಲ.

ಪುಟದ ಮೇಲೆ ಕೆಂಪು-ಕರಿ ಗೆರೆ ಎಳೆಯುತ್ತ ಹಿಡಿಯ ಭಾಗ ಮುಗಿಸಿದೆವು. ದುಂಡಿನ ಸುತ್ತಲೂ ಪೆನ್ಸಿಲಿನಲ್ಲಿ ತೆಳ್ಳಗೆ ಗೆರೆ ಇತ್ತು, ಬಣ್ಣ ತುಂಬಿರಲಿಲ್ಲ. ಅಷ್ಟಕ್ಕೇ ಅವಸರವಾಗಿ ಹೆಂಡತಿಗೆ ತೋರಿಸಿದೆ, ಕೀಲಿ ಸಿಗಲೆಂದು.

ಅವಳು ಬೆಟಗೇರಿಯ ನೇಕಾರ ಮನೆತನದ ಮಗಳು. ಹುಡುಗಿಯಾಗಿದ್ದಾಗ ಅಪ್ಪನ ಕುಣಿಮಗ್ಗದ ಪಕ್ಕ ಕೂತು ಎಳೆ ಎಣಿಸಿದವಳು. ಕನ್ನಡಕ ಹಾಕಿಕೊಂಡು ಕೆಂಪು ಗೆರೆಯ ಮೇಲೆ ಬೆರಳಿಟ್ಟಳು. ಗದಗದಿಂದ ಹೊರಟಳು. ಶಿರಹಟ್ಟಿ ದಾಟಿದಳು. ಬಣ್ಣವಿಲ್ಲದ ದುಂಡನ್ನೂ ಬಿಡದೆ, ಅದೇ ಹಳಿ ಹಿಡಿದು ಮೆಲ್ಲಗೆ ಸುತ್ತು ಬಂದಳು. ಬೆರಳು ನಿಂತಿತು.

“ಏನ್ರಿ, ಕೆಂಪು ಎಳಿ ಹಿಡಕೊಂಡು ಹ್ವಾದೆ. ತಿರುಗಿ ಬಂದು ಕರಿ ಎಳಿಗಿ ಕೂಡೇತಲ್ರಿ? ಮಗ್ಗದಾಗ ಹಿಂಗಾದ್ರ ಹಾಸೇ ಕೆಟ್ಟಂಗ.”

ನಾನೂ ಬೆರಳಿಟ್ಟು ನೋಡಿದೆ. ಹೋಗುವಾಗ ಬಲಗಡೆಗಿದ್ದ ಹಳಿ, ಸುತ್ತಿ ಬಂದಾಗ ಹಿಡಿಯ ಎಡಗಡೆಯ ಹಳಿಗೆ ಕೂಡುತ್ತಿತ್ತು. ಗದಗಿನ ಜೋಡಿ ಹಳಿಯಲ್ಲಿ ಹೀಗಾಗುವುದಿಲ್ಲ, ಅಲ್ಲಿ ಹಾದಿ ಪಕ್ಕಕ್ಕೆ ಸರಿದು ಅದೇ ದಿಕ್ಕಿನಲ್ಲಿ ಮುಂದೆ ಕೂಡುತ್ತದೆ, ಕೆಂಪು ಕೆಂಪಿಗೇ ಸೇರುತ್ತದೆ. ಸೌಟಿನ ದುಂಡಿನಲ್ಲಿ ಮಾತ್ರ ಹಾದಿ ಹೊರಳಿ ತನ್ನನ್ನೇ ಎದುರಾಗುತ್ತದೆ. ಕೊನೆಯ ತುಂಡು ಕೂಡಿಸಿದ ಕ್ಷಣ ಶಾರ್ಟ್ ಆಗಲೇಬೇಕು. ಯಾರು ಕೂಡಿಸಿದರೂ ಆಗುತ್ತಿತ್ತು. ತಂತಿ ಎಷ್ಟು ಸರಿ ಹಚ್ಚಿದರೂ ಆಗುತ್ತಿತ್ತು.

ಹಲಗೆಯ ಕೆಳಗೆ ಬಗ್ಗಿ ಮೊಮ್ಮಗ ಹಚ್ಚಿದ ಎರಡು ತಂತಿ ನೋಡಿದೆ. ಕೆಂಪಿನ ಜಾಗದಲ್ಲಿ ಕೆಂಪು, ಕರಿಯ ಜಾಗದಲ್ಲಿ ಕರಿ.

ಬ್ಯಾಂಕಿನಲ್ಲಿ ಒಂದು ಪದ್ಧತಿ ಇತ್ತು. ತಪ್ಪು ಎಂಟ್ರಿಯನ್ನು ಕೆರೆದು ಅಳಿಸುವ ಹಾಗಿಲ್ಲ. ಅದರ ಮೇಲೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಮಾಡಬೇಕು. ತಪ್ಪು ಯಾವುದಿತ್ತು, ತಿದ್ದಿದವರು ಯಾರು ಎಂಬುದು ಎಲ್ಲರಿಗೂ ಕಾಣಬೇಕು.

“ತಮ್ಮಾ, ತಪ್ಪು ನಂದು. ನೀ ಹಚ್ಚಿದ ತಂತಿ ಸರಿ ಐತಿ. ನನ್ನ ನಕ್ಷೆನ ತಪ್ಪೈತಿ. ಸುಮ್ಮನ ನಿನ್ನ ಬೈದೆ” ಎಂದೆ.

ಅವನು ನೆಲ ನೋಡುತ್ತ ಸ್ವಲ್ಪ ಹೊತ್ತು ಕೂತ. ಆಮೇಲೆ ಖಾತೆ ಪುಸ್ತಕವನ್ನು ನನ್ನ ಕಡೆ ಸರಿಸಿದ.

“ಹಂಗಾರ ಇದರಾಗ ಬರಿ ಅಜ್ಜಾ. ಸಹಿ ಮಾಡು.”

ಬರೆದೆ. ‘ಶಾರ್ಟ್ ಆದದ್ದು ನಕ್ಷೆಯ ತಪ್ಪಿನಿಂದ. ಮೊಮ್ಮಗನ ತಪ್ಪಲ್ಲ.’ ತಾರೀಖು ಹಾಕಿ ಸಹಿ ಮಾಡಿದೆ. ಅವನು ಓದಿ, ಹತ್ತಿರ ಬಂದು ಕೂತ. “ಈಗೇನ್ ಮಾಡೂದು? ಲಕ್ಷ್ಮೇಶ್ವರ ಬಿಡೂದಾ?”

ಬಿಡಬೇಕಿಲ್ಲ. ಇದು ಮಾದರಿ ರೈಲು ಕಟ್ಟುವವರಿಗೆಲ್ಲ ಎದುರಾಗುವ ತೊಡಕು, ಅದಕ್ಕೆ ಉಪಾಯವೂ ಹಳೆಯದೇ. ದುಂಡಿನ ಸ್ವಲ್ಪ ಭಾಗವನ್ನು ಉಳಿದ ಹಾದಿಯಿಂದ ಬೇರೆ ಮಾಡಬೇಕು. ಆ ಭಾಗದ ಎರಡೂ ತುದಿಗಳಲ್ಲಿ, ಎರಡೂ ಹಳಿಗಳಿಗೆ, ತಗಡಿನ ಕೊಂಡಿಯ ಬದಲು ಪ್ಲಾಸ್ಟಿಕ್ ಕೊಂಡಿ. ಒಟ್ಟು ನಾಲ್ಕು. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹಾಯುವುದಿಲ್ಲ. ಈ ಬೇರೆಯಾದ ತುಂಡು ರೈಲಿಗಿಂತ ಉದ್ದವಾಗಿರಬೇಕು. ಇಲ್ಲದಿದ್ದರೆ ಎಂಜಿನ್ನಿನ ಚಕ್ರ ಆಚೆಯ ಕೊಂಡಿ ದಾಟುವಾಗ ಹಿಂದಿನ ಬೋಗಿಯ ಲೋಹದ ಚಕ್ರ ಈಚೆಯ ಕೊಂಡಿಯ ಮೇಲಿದ್ದು, ಮತ್ತೆ ಕೆಂಪು-ಕರಿ ಕೂಡುತ್ತದೆ. ನಮ್ಮ ರೈಲು ಎರಡೂವರೆ ಅಡಿ. ದುಂಡಿನ ಸುತ್ತಳತೆ ಸುಮಾರು ಒಂಬತ್ತೂವರೆ ಅಡಿ. ಅದರಲ್ಲಿ 6 ಅಡಿ ಬೇರೆ ಮಾಡಿದೆವು.

ಆ ತುಂಡಿಗೆ ಕರೆಂಟು ಕೊಡಲು ಒಂದು ಸ್ವಿಚ್ಚು, ಉಳಿದ ಹಾದಿಗೆ ಇನ್ನೊಂದು. ಎರಡೂ ಆರು ಕಾಲಿನ ಟಾಗಲ್ ಸ್ವಿಚ್ಚು. ನಡುವಿನ ಎರಡು ಕಾಲಿಗೆ ಹಳಿಯ ತಂತಿ. ಒಂದು ತುದಿಯ ಎರಡು ಕಾಲಿಗೆ ಕೆಂಪು-ಕರಿ. ಅಲ್ಲಿಂದ ಇನ್ನೊಂದು ತುದಿಯ ಕಾಲುಗಳಿಗೆ ಅಡ್ಡಡ್ಡವಾಗಿ, ಗುಣಾಕಾರದ ಗುರುತಿನ ಹಾಗೆ, ತಂತಿ. ಕಡ್ಡಿಯನ್ನು ಈ ಕಡೆ ಮಾಡಿದರೆ ಬಲಹಳಿ ಪ್ಲಸ್, ಆ ಕಡೆ ಮಾಡಿದರೆ ಎಡಹಳಿ ಪ್ಲಸ್.

ಓಡಿಸುವ ರೀತಿ ಹೀಗೆ. ರೈಲು ದುಂಡಿನ ಬೇರೆ ತುಂಡಿನೊಳಗೆ ಪೂರ್ತಿ ಹೋಗಲಿ. ಅದಕ್ಕೆ ತನ್ನದೇ ಕರೆಂಟು ಇರುವುದರಿಂದ ಅದು ಓಡುತ್ತಲೇ ಇರುತ್ತದೆ. ಅಷ್ಟರಲ್ಲಿ ಕುತ್ತಿಗೆಯ ಪಾಯಿಂಟನ್ನು ಆಚೆ ಹಾದಿಗೆ ಬದಲಿಸಿ, ಹಿಡಿಯ ಸ್ವಿಚ್ಚನ್ನು ಹೊರಳಿಸಬೇಕು. ರೈಲು ಹೊರಬರುವ ಹೊತ್ತಿಗೆ ಹಿಡಿಯ ಹಳಿಗಳ ಬಣ್ಣ ಅದಲುಬದಲಾಗಿ, ಕೆಂಪಿಗೆ ಕೆಂಪು ಕೂಡಿರುತ್ತದೆ. ಮರೆತರೆ ಮತ್ತೆ ಶಾರ್ಟ್. ಆದ್ದರಿಂದ ಲಕ್ಷ್ಮೇಶ್ವರದ ಸ್ಟೇಷನ್ ಮಾಸ್ತರರು ಎಚ್ಚರವಾಗಿರಬೇಕು. ಆ ನೌಕರಿ ಮೊಮ್ಮಗನದು.

ಶಿರಹಟ್ಟಿಗೊಂದು ದೀಪ ಬೇಕೆಂದು ಚಿಕ್ಕವಳ ಹಟ. ಎಲ್‌ಇಡಿ ದೀಪವನ್ನು ಹಳಿಗೇ ಹಚ್ಚಿದರೆ ಕೆಡುಕು, ಏಕೆಂದರೆ ಅದರಲ್ಲಿ ಕರೆಂಟು ಒಂದೇ ದಿಕ್ಕಿಗೆ ಹಾಯುತ್ತದೆ. ರೈಲು ಹೋಗುವಾಗ ಉರಿದರೆ ಬರುವಾಗ ಉರಿಯದು. ದೀಪಗಳ ಖಾತೆಯೇ ಬೇರೆ, ಅದಕ್ಕೆ ಬೇರೆ ತಂತಿ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟು ಸಾಕು. 12ರಲ್ಲಿ ಉಳಿದ 10 ವೋಲ್ಟನ್ನು ತಡೆಯಲು 1000 ಓಮಿನ ರೆಸಿಸ್ಟರ್ ಹಾಕಿದರೆ 10 ಮಿಲಿಆಂಪಿಯರ್ ಹರಿಯುತ್ತದೆ. ಎಂಟನೆಯ, ಒಂಬತ್ತನೆಯ ಇಯತ್ತೆಯವರು ಓಮನ ನಿಯಮದಿಂದ ತಾಳೆ ನೋಡಿ.

ಇನ್ನು ಆ ಸುಟ್ಟ ತಂತಿಯ ವಿಚಾರ. 12 ವೋಲ್ಟು ಮುಟ್ಟಿದರೆ ಸಾಮಾನ್ಯವಾಗಿ ಶಾಕ್ ಹೊಡೆಯದು ಎಂದು ನಾವು ಸಡಿಲ ಬಿಡುತ್ತೇವೆ. ಆದರೆ 12 ವೋಲ್ಟನ್ನು 5 ಆಂಪಿಯರಿನಿಂದ ಗುಣಿಸಿ ನೋಡಿ, 60 ವಾಟ್. ಹಳೆಯ ಕಾಲದ 60ರ ಬಲ್ಬು ಮುಟ್ಟಿದವರಿಗೆ ಆ ಬಿಸಿ ಗೊತ್ತು. ಶಾಕ್ ಹೊಡೆಯದ ಕರೆಂಟೂ ಸುಡಬಲ್ಲದು. ಅದಕ್ಕೆ ಈಗ ರೈಲಿಗೆ 1 ಆಂಪಿಯರಿನ, ಶಾರ್ಟ್ ಆದರೆ ತಾನೇ ಬಂದಾಗುವ ಕಂಟ್ರೋಲರ್ ತಂದೆವು. ಒಂದು ಎಂಜಿನ್ನಿಗೆ ಅದು ಧಾರಾಳ. ಹಳೆಯ ಅಡಾಪ್ಟರು ದೀಪಗಳ ಪಾಲಿಗೆ ಬಂತು, 1 ಆಂಪಿಯರಿನ ಗಾಜಿನ ಫ್ಯೂಸಿನ ಕಾವಲಿನಲ್ಲಿ. ಗೋಡೆಯ 230 ವೋಲ್ಟಿನ ಕಡೆ ಮಾತ್ರ ಮಕ್ಕಳಿಗೆ ಪ್ರವೇಶವಿಲ್ಲ. ಪ್ಲಗ್ ಹಾಕುವುದು ತೆಗೆಯುವುದು ಹಿರಿಯರೇ, ಅಡಾಪ್ಟರಿನ ಡಬ್ಬಿ ಬಿಚ್ಚುವುದು ಯಾರೂ ಅಲ್ಲ.

ಎಲ್ಲ ಜೋಡಿಸಿದ ಮೇಲೆ ಕರೆಂಟು ಕೊಡುವ ಮೊದಲು ಮಲ್ಟಿಮೀಟರಿನಿಂದ ಪರೀಕ್ಷೆ. ಎಂಜಿನ್ನನ್ನು ಹಳಿಯಿಂದ ತೆಗೆದಿಟ್ಟು, ಒಂದು ಮುಳ್ಳು ಕೆಂಪಿಗೆ, ಒಂದು ಮುಳ್ಳು ಕರಿಗೆ. ಕೂಗಿದರೆ ಎಲ್ಲೋ ಕೂಡಿದೆ ಎಂದರ್ಥ. ಸುಮ್ಮನಿದ್ದರೆ ಸರಿ. ಪುಸ್ತಕದ ಒಂದೊಂದೇ ನಂಬರಿಗೆ ಮೊಮ್ಮಗ ಸರಿ ಗುರುತು ಹಾಕುತ್ತ ಬಂದ. ಮೀಟರು ಸುಮ್ಮನಿತ್ತು. ಹೆಂಡತಿ ಪುಸ್ತಕ ತಿರುವಿ, ಕೆಂಪು ಎಳೆಯ ಮೇಲೆ ಮತ್ತೊಮ್ಮೆ ಬೆರಳಾಡಿಸಿ, ಸೆರಗಿನ ಗಂಟಿನಿಂದ ಕೀಲಿ ಬಿಚ್ಚಿದಳು.

ಆ ಸಂಜೆ ಗದಗ ಬಿಟ್ಟ ರೈಲು ಮಾಗಡಿ ಕೆರೆಯ ಹೆಬ್ಬಾತುಗಳನ್ನು ದಾಟಿ, ಶಿರಹಟ್ಟಿಯ ಕೆಂಪು ದೀಪ ದಾಟಿ, ಲಕ್ಷ್ಮೇಶ್ವರ ಸುತ್ತಿ, ಎಂಜಿನ್ ಮುಂದೆ ಮಾಡಿಕೊಂಡೇ ತಿರುಗಿ ಬಂತು. ಮಾಸ್ತರರು ಸ್ವಿಚ್ಚು ಹೊರಳಿಸಲು ಮರೆಯಲಿಲ್ಲ.

“ಖರೇ ರೈಲಿಗೂ ಹಿಂಗೇನ್ರಿ?” ಎಂದು ಹೆಂಡತಿ ಕೇಳಿದಳು. ಒಳ್ಳೆಯ ಪ್ರಶ್ನೆ. ಈಗ ಗದಗ ಸ್ಟೇಷನ್ನಿನಲ್ಲಿ ತಲೆ ಎತ್ತಿದರೆ ತಂತಿ ಕಾಣುತ್ತದೆ. ಅದರಲ್ಲಿ 25,000 ವೋಲ್ಟು. ಕರೆಂಟು ಮೇಲಿನ ತಂತಿಯಿಂದ ಎಂಜಿನ್ನಿಗೆ ಇಳಿದು, ಚಕ್ರದಿಂದ ಹಳಿಗೆ ಬಂದು ವಾಪಸು ಹೋಗುತ್ತದೆ. ಹೋಗುವ ಹಾದಿ ಮೇಲೆ, ಬರುವ ಹಾದಿ ಕೆಳಗೆ. ಹಳಿ ಎಷ್ಟು ಸುತ್ತಿ ಬಂದರೂ ಮೇಲಿನದು ಕೆಳಗಿನದಕ್ಕೆ ಕೂಡುವುದಿಲ್ಲ, ಹೀಗಾಗಿ ನಮ್ಮ ತೊಡಕು ಅಲ್ಲಿಲ್ಲ. ಆ ತಂತಿಯ ಹತ್ತಿರ ಹೋದರೂ ಸಾಕು, ಮುಟ್ಟದೆಯೇ ಹೊಡೆಯುತ್ತದೆ. ನಿಂತ ಗೂಡ್ಸ್ ಬೋಗಿಯ ಮೇಲೆ ಯಾರೂ ಹತ್ತಬೇಡಿ, ಫೋಟೋಕ್ಕಂತೂ ಬೇಡವೇ ಬೇಡ.

ಇನ್ನೊಂದು ಸೋಜಿಗ ಕೇಳಿ. ದೊಡ್ಡ ರೈಲ್ವೆಯಲ್ಲಿಯೂ ಅನೇಕ ಕಡೆ ಹಳಿಗಳನ್ನು ನಮ್ಮ ಹಾಗೆಯೇ ತುಂಡು ತುಂಡಾಗಿ ಬೇರ್ಪಡಿಸಿ, ಎರಡು ಹಳಿಗಳಿಗೆ ಸ್ವಲ್ಪವೇ ವೋಲ್ಟು ಕೊಟ್ಟಿರುತ್ತಾರೆ. ರೈಲು ಬಂದರೆ ಅದರ ಚಕ್ರ ಮತ್ತು ಇರಚಿ ಎರಡೂ ಹಳಿಗಳನ್ನು ಕೂಡಿಸಿಬಿಡುತ್ತವೆ. ಆ ಶಾರ್ಟಿನಿಂದಲೇ ಹಾದಿಯಲ್ಲಿ ರೈಲಿದೆ ಎಂದು ತಿಳಿದು ಹಿಂದಿನ ಸಿಗ್ನಲ್ ಕೆಂಪಾಗುತ್ತದೆ. ಇದನ್ನು ಟ್ರ್ಯಾಕ್ ಸರ್ಕ್ಯೂಟ್ ಎನ್ನುತ್ತಾರೆ. ಅಮೆರಿಕದ ವಿಲಿಯಂ ರಾಬಿನ್ಸನ್ ಎಂಬವರು 1872ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ನಮ್ಮ ಹಲಗೆಯ ಮೇಲೆ ಯೋಚಿಸದೆ ಆದ ಶಾರ್ಟ್ ತಂತಿ ಸುಟ್ಟಿತು. ಅಲ್ಲಿ ಯೋಚಿಸಿ ಮಾಡಿದ ಶಾರ್ಟ್ ಪ್ರಾಣ ಕಾಯುತ್ತದೆ.

ಸೂಟಿ ಮುಗಿಸಿ ಹೋಗುವಾಗ ಮೊಮ್ಮಗ ರೈಲನ್ನು ಇಲ್ಲೇ ಬಿಟ್ಟ. ಖಾತೆ ಪುಸ್ತಕವನ್ನು ಮಾತ್ರ ಚೀಲದಲ್ಲಿ ಹಾಕಿಕೊಂಡ. ಗೆಳೆಯರಿಗೆ ತಂತಿಯ ನಕ್ಷೆ ತೋರಿಸಬೇಕಂತೆ. ನಾನು ಸಹಿ ಮಾಡಿದ ಪುಟವನ್ನೂ ತೋರಿಸುತ್ತಾನೆ, ನನಗೆ ಗೊತ್ತು. ತೋರಿಸಲಿ.

ಈ ವಾರದ ಕೆಲಸ: ಒಂದು ಹಾಳೆಯ ಮೇಲೆ ಮೂರು ಮೂಲೆಯ ರೈಲು ಹಾದಿ ಬರೆಯಿರಿ. ಮೂರೂ ಮೂಲೆಯಲ್ಲಿ ಪಾಯಿಂಟು, ಪ್ರತಿ ಪಾಯಿಂಟಿನಿಂದ ಹೊರಕ್ಕೊಂದು ಹಾದಿ. ಯಾವ ಮೂಲೆಯಿಂದ ಹೊರಟರೂ ಉಳಿದ ಎರಡು ಮೂಲೆಗೂ ಹೋಗುವಂತಿರಲಿ. ಹಳಿಗೆ ಎರಡೆರಡು ಗೆರೆ. ಒಂದು ಕೆಂಪು ಎಳೆ ಹಿಡಿದು ಹೊರಡಿ. ಅದು ಎಲ್ಲಾದರೂ ಕರಿ ಎಳೆಗೆ ಕೂಡುತ್ತದೆಯೇ? ಮೊದಲು ನೀವು ಬೆರಳಿಟ್ಟು ನೋಡಿ, ಆಮೇಲೆ ಅಜ್ಜ-ಅಜ್ಜಿಗೆ ಕೊಡಿ. ಉತ್ತರ ಮುಂದಿನ ವಾರ.